1,008 ಮೆಟ್ಟಿಲು, 5,895 ಮೀಟರ್: ಕಿಲಿಮಂಜಾರೊಗೆ ಊರಲ್ಲೇ ತಯಾರಾಗುವ ಬಗೆ

ನಮ್ಮ ರಾಜ್ಯದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, 1,930 ಮೀಟರ್. ತಾಂಜಾನಿಯಾದಲ್ಲಿ ಕಿಲಿಮಂಜಾರೊ ಹತ್ತಲು ಮಚಾಮೆ ಗೇಟಿನ ಮುಂದೆ ವ್ಯಾನಿನಿಂದ ಇಳಿದು ಬ್ಯಾಗು ಹೆಗಲಿಗೇರಿಸುವಾಗ ನೀವು ನಿಂತಿರುವುದೇ ಹೆಚ್ಚುಕಡಿಮೆ 1,800 ಮೀಟರ್ ಎತ್ತರದಲ್ಲಿ. ನಮ್ಮ ಬೆಟ್ಟಗಳು ಮುಗಿಯುವ ಕಡೆ ಆ ಬೆಟ್ಟ ಶುರುವಾಗುತ್ತದೆ. ಮೊದಲ ದಿನ ಸಂಜೆ ಟೆಂಟು ಸೇರುವಷ್ಟರಲ್ಲಿ ದಕ್ಷಿಣ ಭಾರತದ ಅತಿ ಎತ್ತರದ ಶಿಖರವಾದ ಕೇರಳದ ಆನೆಮುಡಿಯನ್ನೂ (2,695 ಮೀಟರ್) ದಾಟಿರುತ್ತೀರಿ. ಅಲ್ಲಿಂದ ಮೇಲೆ ಇನ್ನೂ ಹಲವು ದಿನದ ದಾರಿ ಬಾಕಿ. ತುದಿ ಇರುವುದು 5,895 ಮೀಟರಿನಲ್ಲಿ.

ಹೀಗಿರುವಾಗ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇದ್ದುಕೊಂಡು ಅದಕ್ಕೆ ತಯಾರಾಗುವುದು ಸಾಧ್ಯವೇ ಎಂದು ಬಹಳ ಜನ ಕೇಳುತ್ತಾರೆ. ಹೋಗುವ ಮೊದಲು ನಾನೂ ಕೇಳಿದ್ದೆ. ಸಿಕ್ಕ ಉತ್ತರಗಳೆಲ್ಲ ಒಂದೇ ಥರ ಇದ್ದವು: ಓಡು, ಜಿಮ್‌ಗೆ ಸೇರು, ವಾರಕ್ಕೊಂದು ಬೆಟ್ಟ ಹತ್ತು. ಯಾವುದೂ ತಪ್ಪಲ್ಲ. ಆದರೆ ಯಾವ ಬೆಟ್ಟ, ಎಷ್ಟು ಹೊತ್ತಿನಲ್ಲಿ, ಏನನ್ನು ಕಲಿಯುವುದಕ್ಕೆ ಎಂಬುದನ್ನು ಯಾರೂ ಬಿಡಿಸಿ ಹೇಳಲಿಲ್ಲ. ಹೋಗಿ ಬಂದ ಮೇಲೆ ನನಗೆ ಅರ್ಥವಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಬೆಟ್ಟದ ಅತಿ ಕಷ್ಟದ ದಿನದ ಲೆಕ್ಕ ನೋಡಿ. ಮಚಾಮೆ ದಾರಿಯ ಕೊನೆಯ ಶಿಬಿರ ಬರಾಫು, ಸುಮಾರು 4,670 ಮೀಟರ್. ಅಲ್ಲಿಂದ ನಡುರಾತ್ರಿ ಹೊರಡುತ್ತೀರಿ. ತುದಿಗೆ ಸುಮಾರು 1,200 ಮೀಟರ್ ಏರು, ಆರರಿಂದ ಎಂಟು ಗಂಟೆ. ಫೋಟೊ ತೆಗೆದುಕೊಂಡು ಅದೇ ದಿನ ಬರಾಫು ದಾಟಿ ಮ್ವೇಕಾ ಶಿಬಿರಕ್ಕೆ ಇಳಿಯಬೇಕು. ಅದು ಇರುವುದು ಸುಮಾರು 3,100 ಮೀಟರಿನಲ್ಲಿ. ಅಂದರೆ ಒಂದೇ ದಿನ 2,800 ಮೀಟರಿನಷ್ಟು ಇಳಿಜಾರು. ಮಾರನೆಯ ದಿನ ಮ್ವೇಕಾ ಗೇಟಿಗೆ ಮತ್ತೆ 1,400 ಮೀಟರಿಗೂ ಹೆಚ್ಚು. ಹತ್ತುವುದು ಐದಾರು ದಿನಕ್ಕೆ ಹಂಚಿಹೋಗಿರುತ್ತದೆ, ಇಳಿಯುವುದು ಒಂದೂವರೆ ದಿನದಲ್ಲಿ ಮುಗಿಯುತ್ತದೆ. ತಯಾರಿಯ ಮಾತು ಬಂದಾಗ ಎಲ್ಲರೂ ಹತ್ತುವ ಚಿಂತೆ ಮಾಡುತ್ತಾರೆ. ಕಾಲು ಕೈಕೊಡುವುದು ಇಳಿಯುವಾಗ.

ಮೈಸೂರಿನವರಾದ ನಮಗೆ ಅಳತೆಗೋಲು ಚಾಮುಂಡಿ ಬೆಟ್ಟ. ಸಾವಿರದೆಂಟು ಮೆಟ್ಟಿಲು, ಸುಮಾರು 250 ಮೀಟರ್ ಏರು. ದಿನಾ ಹತ್ತುವವರು ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ. ಆ ಲೆಕ್ಕದಲ್ಲಿ ಕಿಲಿಮಂಜಾರೊದ ಕೊನೆಯ ರಾತ್ರಿಯ ಏರು ಐದು ಸಲ ಚಾಮುಂಡಿ ಬೆಟ್ಟ, ಆ ದಿನದ ಇಳಿತ ಹನ್ನೊಂದು ಸಲ. ಈ ಹನ್ನೊಂದನ್ನು ಮೊದಲ ಸಲ ಲೆಕ್ಕ ಹಾಕಿದ ದಿನ ನನ್ನ ಅಭ್ಯಾಸದ ಕ್ರಮವನ್ನೇ ಬದಲಾಯಿಸಿದೆ. ಅಲ್ಲಿಯವರೆಗೆ ಮೆಟ್ಟಿಲು ಹತ್ತಿ, ದೇವಸ್ಥಾನದ ಹತ್ತಿರ ಬಸ್ಸು ಹಿಡಿದು ಕೆಳಗೆ ಬರುತ್ತಿದ್ದೆ.

ಇಳಿಯುವ ಕಾಲು

ಇಳಿಯುವುದು ಯಾಕೆ ಅಷ್ಟು ನೋಯುತ್ತದೆ? ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಮೈಯನ್ನು ಮೇಲೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಮೈಭಾರವನ್ನು ತಡೆದು ಹಿಡಿಯುತ್ತಲೇ ಉದ್ದವಾಗಬೇಕು. ಬಾವಿಯಿಂದ ಕೊಡ ಸೇದುವುದಕ್ಕೂ, ತುಂಬಿದ ಕೊಡವನ್ನು ಹಗ್ಗ ಜಾರದಂತೆ ಹಿಡಿದು ಮೆಲ್ಲಗೆ ಕೆಳಗಿಳಿಸುವುದಕ್ಕೂ ಇರುವ ವ್ಯತ್ಯಾಸ ಇದು. ಹೀಗೆ ಎಳೆತ ಬಿದ್ದು ಉದ್ದವಾಗುವಾಗ ಸ್ನಾಯುವಿನ ಎಳೆಗಳಲ್ಲಿ ಸಣ್ಣಸಣ್ಣ ಸೀಳುಗಳಾಗುತ್ತವೆ. ಉಸಿರು ಅಷ್ಟಾಗಿ ಏರುವುದಿಲ್ಲ, ಹಾಗಾಗಿ ಆ ಹೊತ್ತಿಗೆ ಏನೂ ಆಗಿಲ್ಲ ಅನಿಸುತ್ತದೆ. ನೋವು ಹಣಿಯುವುದು ಮಾರನೆಯ ದಿನ, ಅದಕ್ಕಿಂತ ಹೆಚ್ಚಾಗಿ ಮೂರನೆಯ ದಿನ. ನೆಲದ ಮೇಲೆ ಊಟಕ್ಕೆ ಕೂತರೆ ಏಳಲು ಗೋಡೆ ಬೇಕಾಗುತ್ತದೆ.

ಸಮಾಧಾನದ ಸಂಗತಿ ಎಂದರೆ ಈ ಸ್ನಾಯು ಬಹಳ ಬೇಗ ಪಾಠ ಕಲಿಯುತ್ತದೆ. ಒಮ್ಮೆ ಚೆನ್ನಾಗಿ ಇಳಿದು ನೋವು ಅನುಭವಿಸಿದ ಮೇಲೆ, ವಾರ ಹತ್ತು ದಿನ ಬಿಟ್ಟು ಅಷ್ಟೇ ಇಳಿದರೆ ನೋವು ಅರ್ಧಕ್ಕರ್ಧ ಕಡಿಮೆ. ಆ ರಕ್ಷಣೆ ಕೆಲವು ವಾರ ಉಳಿದುಕೊಳ್ಳುತ್ತದೆ. ಇದಕ್ಕೆ ಎತ್ತರದ ಬೆಟ್ಟ ಬೇಕಿಲ್ಲ, ಹಿಮಾಲಯವೂ ಬೇಕಿಲ್ಲ. ಚಾಮುಂಡಿ ಬೆಟ್ಟ, ಶಿವಗಂಗೆ, ನಂದಿ ಬೆಟ್ಟಕ್ಕೆ ಸುಲ್ತಾನ್‌ಪೇಟೆ ಕಡೆಯಿಂದ ಹೋಗುವ ಮೆಟ್ಟಿಲು, ಯಾವುದಾದರೂ ಸಾಕು. ನಮ್ಮ ಊರಿನ ಬೆಟ್ಟಗಳು ಕಿಲಿಮಂಜಾರೊಗೆ ಕೊಡಬಲ್ಲ ಅತಿ ದೊಡ್ಡ ಕೊಡುಗೆ ಇದೇ ಎಂದು ನನ್ನ ನಂಬಿಕೆ.

ಇಳಿಯುವುದರಲ್ಲೂ ಕ್ರಮ ಇದೆ. ಹೆಜ್ಜೆ ಚಿಕ್ಕದು, ಮಂಡಿ ಯಾವಾಗಲೂ ತುಸು ಬಗ್ಗಿರಬೇಕು, ಹಿಮ್ಮಡಿಯನ್ನು ಧಡ್ ಎಂದು ಊರಬಾರದು. ಎರಡು ಕೈಗೂ ಕೋಲು ಇದ್ದರೆ ಮಂಡಿಯ ಮೇಲಿನ ಭಾರ ಎಷ್ಟೋ ಇಳಿಯುತ್ತದೆ. ಮೆಟ್ಟಿಲ ಮೇಲೆ ಕೋಲು ಊರಿಕೊಂಡು ಬಂದರೆ ಜನ ತಿರುಗಿ ನೋಡುತ್ತಾರೆ, ನೋಡಲಿ. ಕೋಲನ್ನು ಯಾವಾಗ ಉದ್ದ ಮಾಡಬೇಕು, ಯಾವ ಕಾಲಿನ ಜೊತೆ ಯಾವ ಕೈ ಎಂಬುದು ಮೈಗೆ ಹತ್ತಲು ನಾಲ್ಕೈದು ಸಲವಾದರೂ ಬೇಕು. ಅದನ್ನು ಬರಾಫುವಿನ ಮೇಲಿನ ಸಡಿಲ ಜಲ್ಲಿಯಲ್ಲಿ ಕಲಿಯಲು ಹೋಗಬಾರದು.

ಮಂಡಿಯಲ್ಲಿ ಮೊದಲೇ ತೊಂದರೆ ಇರುವವರಿಗೆ ನಾನು ಕಂಡುಕೊಂಡ ಒಂದು ಉಪಾಯ ಹೇಳುತ್ತೇನೆ. ಹತ್ತುವಾಗ ಬ್ಯಾಗಿನಲ್ಲಿ ನೀರಿನ ಬಾಟಲಿ ತುಂಬಿಕೊಳ್ಳಿ. ಒಂದು ಲೀಟರ್ ನೀರಿಗೆ ಒಂದು ಕಿಲೋ, ಲೆಕ್ಕವೂ ಸುಲಭ. ತುದಿಯಲ್ಲಿ ಗಿಡಗಳಿಗೆ ಸುರಿದು ಹಗುರಾಗಿ ಇಳಿಯಿರಿ. ಮೊದಲ ಎರಡು ತಿಂಗಳು ಹೀಗೆ ಮಾಡಿ, ಕೊನೆಯ ಕೆಲವು ವಾರ ಮಾತ್ರ ಭಾರ ಹೊತ್ತು ಇಳಿದರೆ ಸಾಕು. ಅಷ್ಟಕ್ಕೂ ಅಲ್ಲಿ ನಿಮ್ಮ ಬೆನ್ನ ಮೇಲೆ ಇರುವುದು ನೀರು, ಜಾಕೆಟ್, ತಿಂಡಿ ಸೇರಿ ಐದಾರು ಕಿಲೋ. ಉಳಿದದ್ದನ್ನು ಹೊರುವವರು ಅಲ್ಲಿಯ ಪೋರ್ಟರುಗಳು. ಅಕ್ಕಿ ಮೂಟೆ ಕಟ್ಟಿಕೊಂಡು ಹದಿನೈದು ಇಪ್ಪತ್ತು ಕಿಲೋ ಹೊತ್ತು ಅಭ್ಯಾಸ ಮಾಡುವವರನ್ನು ಕಂಡಿದ್ದೇನೆ. ಹೊರಡುವ ಮೊದಲೇ ಮಂಡಿ ಕೆಡಿಸಿಕೊಳ್ಳುವ ದಾರಿ ಅದು.

ಅಜ್ಜಿಯ ಹೆಜ್ಜೆ

ಕಿಲಿಮಂಜಾರೊದ ಗೈಡುಗಳು ಬೆಳಗ್ಗೆಯಿಂದ ಸಂಜೆವರೆಗೆ ಹೇಳುವ ಸ್ವಾಹಿಲಿ ಮಾತು ಒಂದೇ: ಪೋಲೆ ಪೋಲೆ. ನಿಧಾನ, ನಿಧಾನ. ಹೊಸಬರಿಗೆ ಇದು ಉಪಚಾರದ ಮಾತಿನಂತೆ ಕೇಳುತ್ತದೆ. ಇದರ ಹಿಂದೆ ಗಟ್ಟಿ ಲೆಕ್ಕ ಇದೆ. ಅರ್ಧ ಗಂಟೆಯಲ್ಲಿ ಚಾಮುಂಡಿ ಬೆಟ್ಟ ಹತ್ತುವವರು ಗಂಟೆಗೆ 500 ಮೀಟರ್ ವೇಗದಲ್ಲಿ ಏರುತ್ತಿರುತ್ತಾರೆ. ಕೊನೆಯ ರಾತ್ರಿ 1,200 ಮೀಟರಿಗೆ ಏಳು ಗಂಟೆ ಎಂದರೆ ಗಂಟೆಗೆ 170 ಚಿಲ್ಲರೆ. ಮೂರರಲ್ಲಿ ಒಂದು ಪಾಲು! ಆ ವೇಗದಲ್ಲಿ ನಮ್ಮ ಸಾವಿರದೆಂಟು ಮೆಟ್ಟಿಲಿಗೆ ಹತ್ತಿರ ಹತ್ತಿರ ಒಂದೂವರೆ ಗಂಟೆ ಬೇಕು. ಪ್ರಯತ್ನಿಸಿ ನೋಡಿ, ತೀರಾ ಕಷ್ಟ. ಕಾಲು ತಾನಾಗಿಯೇ ಮುಂದೆ ಓಡುತ್ತದೆ, ಪಕ್ಕದಲ್ಲಿ ಹುಡುಗರು ದಾಟಿಕೊಂಡು ಹೋದಾಗ ಮನಸ್ಸು ತಡೆಯುವುದಿಲ್ಲ.

ನನಗೆ ಈ ನಡಿಗೆ ಅರ್ಥವಾದದ್ದು ಒಂದು ಮಂಗಳವಾರ ಬೆಳಗ್ಗೆ. ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವ ಹರಕೆ ನಮ್ಮಲ್ಲಿ ಮಾಮೂಲು. ಅವತ್ತು ಅರವತ್ತೈದು ದಾಟಿದ ಅಜ್ಜಿಯೊಬ್ಬರು ಒಂದು ಕೈಯಲ್ಲಿ ಸ್ಟೀಲ್ ಬಟ್ಟಲು ಹಿಡಿದು ಹತ್ತುತ್ತಿದ್ದರು. ಬಗ್ಗುವುದು, ಮೂರು ಬೆರಳಿನಲ್ಲಿ ಅರಿಶಿನ ಎಳೆಯುವುದು, ನಡುವೆ ಕುಂಕುಮದ ಬೊಟ್ಟು, ಏಳುವುದು, ಒಂದು ಮೆಟ್ಟಿಲು ಏರುವುದು. ನಾನು ಅವರನ್ನು ದಾಟಿ ಹೋದೆ. ದೊಡ್ಡ ನಂದಿಯ ಹತ್ತಿರ ಏದುಸಿರು ಬಿಡುತ್ತಾ ಕೂತೆ, ನೀರು ಕುಡಿದೆ, ಗೆಳತಿಗೆ ಫೋನು ಮಾಡಿದೆ. ಇಳಿದು ಮತ್ತೆ ಹತ್ತುವಾಗ ಅಜ್ಜಿ ನಂದಿಯ ಕೆಳಗಿನ ಮೆಟ್ಟಿಲುಗಳಲ್ಲಿದ್ದರು. ಮುಖದಲ್ಲಿ ಬೆವರಿತ್ತು, ಉಸಿರು ಮಾತ್ರ ಮನೆಯಲ್ಲಿ ಕೂತವರಂತೆ ಇತ್ತು.

"ಅಜ್ಜಿ, ಸುಸ್ತಾಗಲ್ವಾ?" ಅಂದೆ.

"ಬಗ್ಗಿ ಏಳೋದ್ರೊಳಗೇ ಉಸಿರು ಬಂದ್ಬಿಡುತ್ತೆ ಕಣಮ್ಮ" ಅಂದರು, ಕೈ ನಿಲ್ಲಿಸದೆ.

ಪರ್ವತಾರೋಹಿಗಳು ಅಭ್ಯಾಸ ಮಾಡುವ ಒಂದು ಹೆಜ್ಜೆ ಇದೆ. ಹಿಂದಿನ ಕಾಲನ್ನು ಪೂರ್ತಿ ನೆಟ್ಟಗೆ ಮಾಡಿ, ಮೈಭಾರವನ್ನು ಆ ಕಾಲಿನ ಮೂಳೆಯ ಮೇಲೆ ಬಿಟ್ಟು, ಮುಂದಿನ ಕಾಲನ್ನು ಭಾರವಿಲ್ಲದೆ ಮೇಲಿಟ್ಟು ಒಂದು ಕ್ಷಣ ನಿಲ್ಲುವುದು. ಸ್ನಾಯುವಿಗೆ ಆ ಒಂದು ಕ್ಷಣ ಬಿಡುವು. ಆಮೇಲೆ ಮುಂದಿನ ಹೆಜ್ಜೆ. ಪ್ರತಿ ಹೆಜ್ಜೆಯಲ್ಲೂ ಒಂದು ಚೂರು ವಿಶ್ರಾಂತಿ ಇರುವುದರಿಂದ ಎಲ್ಲೂ ಕೂರಬೇಕಾಗುವುದಿಲ್ಲ. ಕೂರದಿರುವುದು ಅಲ್ಲಿ ಮುಖ್ಯ. ಕೊನೆಯ ರಾತ್ರಿ ತುದಿಯ ಹತ್ತಿರ ಚಳಿ ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗೆ ಇಳಿಯುವುದು ಸಾಮಾನ್ಯ. ಐದು ನಿಮಿಷ ಕೂತರೆ ಬೆವರು ತಣ್ಣಗಾಗಿ ಮೈ ನಡುಗಲು ಶುರು. ಅಜ್ಜಿ ಹರಕೆಗಾಗಿ ಮಾಡುತ್ತಿದ್ದದ್ದು ಹೆಚ್ಚುಕಡಿಮೆ ಇದೇ ನಡಿಗೆ.

ಸರಿಯಾದ ವೇಗ ತಿಳಿಯಲು ಕೈಗಡಿಯಾರ ಬೇಕಿಲ್ಲ. ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುತ್ತಿದ್ದರೆ ವೇಗ ಸರಿ. ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುವಂತಾದರೆ ಹೆಚ್ಚಾಯಿತು. ಈ ಮೆಲ್ಲನೆಯ ವೇಗದಲ್ಲಿ ಗಂಟೆಗಟ್ಟಲೆ ನಡೆದಾಗ ಸ್ನಾಯುಗಳಲ್ಲಿ ಹೊಸ ಸೂಕ್ಷ್ಮ ರಕ್ತನಾಳಗಳು ಬೆಳೆಯುತ್ತವೆ, ಕೊಬ್ಬನ್ನು ಉರಿಸಿ ಶಕ್ತಿ ಪಡೆಯುವ ಶಕ್ತಿ ಬಲಿಯುತ್ತದೆ. ಹನ್ನೆರಡು ಹದಿಮೂರು ಗಂಟೆಯ ದಿನಕ್ಕೆ ಬೇಕಾದ್ದು ಈ ತಾಳಿಕೆ.

ಕುಮಾರ ಪರ್ವತದ ಪರೀಕ್ಷೆ

ಮೆಟ್ಟಿಲಿನ ಅಭ್ಯಾಸ ಮೂರು ತಿಂಗಳು ಆದ ಮೇಲೆ ಇಡೀ ದಿನದ ಚಾರಣ ಬೇಕು. ಅದಕ್ಕೆ ಕುಮಾರ ಪರ್ವತಕ್ಕಿಂತ ಒಳ್ಳೆಯದು ನಮ್ಮ ರಾಜ್ಯದಲ್ಲಿ ನನಗೆ ಗೊತ್ತಿಲ್ಲ. ತುದಿ 1,712 ಮೀಟರ್. ಎತ್ತರ ಕೇಳಿದರೆ ಮುಳ್ಳಯ್ಯನಗಿರಿಗಿಂತ ಕಡಿಮೆ. ಆದರೆ ಮುಳ್ಳಯ್ಯನಗಿರಿಯಲ್ಲಿ ವಾಹನ ತುದಿಯ ಹತ್ತಿರದವರೆಗೂ ಹೋಗುತ್ತದೆ, ಕುಮಾರ ಪರ್ವತಕ್ಕೆ ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟರೆ ಶುರುವಾಗುವುದೇ ಸಮುದ್ರ ಮಟ್ಟಕ್ಕೆ ಹತ್ತಿರದಿಂದ. ಒಂದೂವರೆ ಸಾವಿರ ಮೀಟರಿಗೂ ಮೀರಿದ ಏರು, ಹೋಗಿಬರಲು ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು. ಕಿಲಿಮಂಜಾರೊದ ಕೊನೆಯ ರಾತ್ರಿಯ ಏರಿಗಿಂತ ಹೆಚ್ಚಿನ ಏರು ಇಲ್ಲಿಯೇ ಸಿಗುತ್ತದೆ. ಮೊದಲು ದಟ್ಟ ಕಾಡು, ನಡುವೆ ಗಿರಿಗದ್ದೆಯ ಭಟ್ಟರ ಮನೆ, ಆಮೇಲೆ ಒಂದು ಮರದ ನೆರಳೂ ಇಲ್ಲದ ಹುಲ್ಲುಗಾವಲು, ಕಲ್ಲು ಮಂಟಪ, ಶೇಷ ಪರ್ವತ, ಕೊನೆಗೆ ಸಣ್ಣ ಕಾಡು ದಾಟಿ ಬಂಡೆ. ಬಿಸಿಲಿನಲ್ಲಿ ಅದೇ ದಾರಿ ಇಳಿದು ಬರುವಾಗ ತೊಡೆ ಏನು ಹೇಳುತ್ತದೋ ಅದನ್ನು ಗಮನವಿಟ್ಟು ಕೇಳಿ. ಮ್ವೇಕಾದ ಇಳಿತ ಇದಕ್ಕೆ ಹತ್ತಿರ ಹತ್ತಿರ ಎರಡರಷ್ಟು.

ಇಲ್ಲಿ ಕಾಲದ ಲೆಕ್ಕವೂ ಬರುತ್ತದೆ. ಕಿಲಿಮಂಜಾರೊ ಹತ್ತಲು ಎರಡು ಒಣ ಕಾಲ ಇವೆ. ಜನವರಿಯಿಂದ ಮಾರ್ಚ್ ಮೊದಲವರೆಗೆ ಒಂದು, ಜೂನ್ ಕೊನೆಯಿಂದ ಅಕ್ಟೋಬರ್‌ವರೆಗೆ ಇನ್ನೊಂದು. ಜುಲೈ ಆಗಸ್ಟಿನಲ್ಲಿ ಹೋಗುವವರು ಫೆಬ್ರವರಿಯಿಂದ ಅಭ್ಯಾಸ ಮಾಡಬೇಕು. ಆಗ ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಪಶ್ಚಿಮ ಘಟ್ಟದ ಬಹಳಷ್ಟು ದಾರಿ ಮುಚ್ಚಿರುತ್ತದೆ, ಬೇಸಿಗೆ ಮುಗಿದರೆ ಮಳೆ, ಉಂಬಳ, ಜಾರುವ ಬಂಡೆ. ಜನವರಿ ಫೆಬ್ರವರಿಗೆ ಹೊರಡುವುದಾದರೆ ಮಳೆಗಾಲದಲ್ಲಿ ಮೆಟ್ಟಿಲು, ಅಕ್ಟೋಬರಿನಿಂದ ಘಟ್ಟ ಎಂದು ತಾನಾಗಿಯೇ ಹೊಂದಿಕೆಯಾಗುತ್ತದೆ. ಕರ್ನಾಟಕದಿಂದ ಹೋಗುವವರಿಗೆ ನಾನು ಹೇಳುವುದು ಜನವರಿ ಫೆಬ್ರವರಿಯನ್ನೇ. ಕುಮಾರ ಪರ್ವತಕ್ಕೆ ಆನ್‌ಲೈನಿನಲ್ಲಿ ಅನುಮತಿ ಪಡೆಯಬೇಕು, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. ಮೊದಲೇ ದಿನ ಗೊತ್ತುಮಾಡಿಕೊಳ್ಳಿ.

ಇನ್ನೊಂದು ಮಾತು, ಒಂದೇ ದಿನದ ದೊಡ್ಡ ಚಾರಣಕ್ಕಿಂತ ಎರಡು ದಿನ ಬೆನ್ನಿಗೆ ಬೆನ್ನಾಗಿ ನಡೆಯುವುದು ಹೆಚ್ಚು ಕಲಿಸುತ್ತದೆ. ಶನಿವಾರ ಕುಮಾರ ಪರ್ವತ ಇಳಿದು ಬಂದ ಕಾಲನ್ನು ಭಾನುವಾರ ಬೆಳಗ್ಗೆ ಮತ್ತೆ ಶೂಗೆ ತೂರಿಸಿ ಎರಡು ಗಂಟೆ ನಡೆಸಿ ನೋಡಿ. ಅಲ್ಲಿ ಏಳು ದಿನವೂ ಆ ಬೆಳಗ್ಗೆಯೇ.

ಚಾರಣದ ಇನ್ನೊಂದು ಉಪಯೋಗ ಸಾಮಾನು ಪರೀಕ್ಷೆ. ನನ್ನ ಚಿಕ್ಕಪ್ಪನ ಮಗ ಹಣ ಉಳಿಸಲು ಗೆಳೆಯನಿಂದ ಒಳ್ಳೆಯ ಶೂ ಕೇಳಿ ತಂದಿದ್ದ. ಐದಾರು ವರ್ಷ ಹಳೆಯದಾದರೂ ನಾಲ್ಕೈದು ಸಲ ಹಾಕಿದ್ದಷ್ಟೇ, ನೋಡಲು ಹೊಸದು. ಗಿರಿಗದ್ದೆಯಿಂದ ಕೆಳಗೆ ಕಾಡಿನಲ್ಲಿ ಬಲಗಾಲಿನ ಅಟ್ಟೆ ಮುಂದಿನಿಂದ ಬಾಯಿ ಬಿಟ್ಟಿತು, ಇನ್ನು ಸ್ವಲ್ಪ ದೂರಕ್ಕೆ ಎಡಗಾಲಿನದೂ. ಲೇಸಿನಿಂದ ಅಟ್ಟೆಯನ್ನು ಸುತ್ತಿ ಕಟ್ಟಿಕೊಂಡು ಕುಂಟುತ್ತಾ ಇಳಿದ. ತಪ್ಪು ಶೂ ಕೊಟ್ಟವನದಲ್ಲ. ಇಂಥ ಶೂಗಳ ಅಟ್ಟೆಯ ನಡುವೆ ಇರುವ ಮೆತ್ತನೆಯ ಪಾಲಿಯುರೆಥೇನ್ ಪದರ ಗಾಳಿಯ ತೇವ ಕುಡಿದು ವರ್ಷಗಳಲ್ಲಿ ಪುಡಿಯಾಗುತ್ತದೆ. ಹಾಕದೆ ಪೆಟ್ಟಿಗೆಯಲ್ಲಿ ಇಟ್ಟರೂ ಆಗುತ್ತದೆ. ಕಾಡಿನ ದಾರಿಯಲ್ಲಿ ಆದದ್ದು ಬರಾಫುವಿನ ಮೇಲೆ ನಡುರಾತ್ರಿ ಆಗಿದ್ದರೆ ಏನು ಗತಿ ಎಂದು ಅವನಿಗೆ ಇವತ್ತಿಗೂ ನಡುಕ. ಅಲ್ಲಿ ಹಾಕುವ ಶೂ, ಕಾಲುಚೀಲ, ಬ್ಯಾಗು ಎಲ್ಲವನ್ನೂ ಇಲ್ಲಿ ಮೂರು ನಾಲ್ಕು ದೊಡ್ಡ ಚಾರಣದಲ್ಲಿ ಸವೆಸಿಯೇ ಒಯ್ಯಬೇಕು. ಶೂ ಅರ್ಧ ಸೈಜು ದೊಡ್ಡದಿರಲಿ, ಇಳಿಯುವಾಗ ಹೆಬ್ಬೆರಳು ಮುಂದಕ್ಕೆ ಗುದ್ದಬಾರದು. ಹೋಗುವಾಗ ಅದನ್ನು ಕಾಲಿಗೇ ಹಾಕಿಕೊಂಡು ವಿಮಾನ ಹತ್ತಿ. ಸೂಟ್‌ಕೇಸು ತಡವಾಗಿ ಬಂದರೆ ಜಾಕೆಟ್ ಬಾಡಿಗೆಗೆ ಸಿಗುತ್ತದೆ, ಪಳಗಿದ ಶೂ ಸಿಗುವುದಿಲ್ಲ.

ಚಳಿಯನ್ನು ಇಲ್ಲಿ ಅಭ್ಯಾಸ ಮಾಡಲಾಗದು. ದಪ್ಪ ಕೈಗವಸು ಹಾಕಿಕೊಂಡು ಲೇಸು ಕಟ್ಟುವುದು, ಜಿಪ್ ಎಳೆಯುವುದು, ಚಿಕ್ಕಿಯ ಪೊಟ್ಟಣ ಬಿಚ್ಚುವುದನ್ನು ಮಾತ್ರ ಮನೆಯಲ್ಲಿ ಕೂತು ಕಲಿಯಬಹುದು. ಹೆಡ್‌ಟಾರ್ಚಿನ ಬೆಳಕಿನಲ್ಲಿ ನಡೆಯುವುದನ್ನು ಬೆಳಗಿನ ಜಾವದ ಮೆಟ್ಟಿಲಿನಲ್ಲಿ ಕಲಿಯಬಹುದು, ಆದರೆ ಜನ ಓಡಾಡುವ ಹೊತ್ತಿಗೇ ಹೊರಡಿ. ಅದು ಚಿರತೆ ಇರುವ ಬೆಟ್ಟ.

ಊರಲ್ಲಿ ಸಿಗದ ಪಾಠ

ಇನ್ನು ಉಳಿದದ್ದು ಗಾಳಿ. ಎತ್ತರದಲ್ಲಿ ಆಮ್ಲಜನಕ ಕಡಿಮೆ ಎನ್ನುತ್ತೇವೆ. ಗಾಳಿಯಲ್ಲಿ ಅದರ ಪಾಲು ಎಲ್ಲ ಕಡೆಯೂ ಶೇ 21 ಇದ್ದೇ ಇರುತ್ತದೆ. ಕಡಿಮೆಯಾಗುವುದು ಗಾಳಿಯ ಒತ್ತಡ. ಕಿಲಿಮಂಜಾರೊ ತುದಿಯಲ್ಲಿ ಅದು ಸಮುದ್ರ ಮಟ್ಟದ ಅರ್ಧದ ಆಸುಪಾಸು. ಒಂದೊಂದು ಉಸಿರಿಗೂ ಅರ್ಧದಷ್ಟೇ ಆಮ್ಲಜನಕ ಒಳಗೆ ಬರುತ್ತದೆ, ಮೈಯ ದುಡಿಯುವ ಶಕ್ತಿಯೂ ಅರ್ಧದ ಹತ್ತಿರಕ್ಕೆ ಕುಸಿಯುತ್ತದೆ. ಗೈಡುಗಳ ಪೋಲೆ ಪೋಲೆ ಬಂದಿರುವುದು ಇಲ್ಲಿಂದ.

ಇದಕ್ಕೆ ದೇಹ ಮಾಡುವ ಮೊದಲ ಉಪಾಯ ಹೆಚ್ಚು ಉಸಿರಾಡುವುದು, ನಿದ್ದೆಯಲ್ಲೂ. ಹೆಚ್ಚು ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ. ಆಗ ಮೆದುಳು ಉಸಿರಾಟಕ್ಕೆ ಕಡಿವಾಣ ಹಾಕುತ್ತದೆ. ಮೂತ್ರಪಿಂಡಗಳು ಆ ಕ್ಷಾರವನ್ನು ಮೂತ್ರದಲ್ಲಿ ಹೊರಹಾಕಿದ ಮೇಲೆ ಕಡಿವಾಣ ಸಡಿಲವಾಗುತ್ತದೆ. ಈ ಕೆಲಸಕ್ಕೆ ದಿನಗಳು ಹಿಡಿಯುತ್ತವೆ. ಅಲ್ಲಿ ರಾತ್ರಿ ಮೂರು ಮೂರು ಸಲ ಟೆಂಟಿನಿಂದ ಎದ್ದು ಹೋಗಬೇಕಾಗುವುದಕ್ಕೆ ಒಂದು ಕಾರಣ ಇದೇ. ವೈದ್ಯರು ಕೊಡುವ ಅಸೆಟಜೋಲಮೈಡ್ ಮಾತ್ರೆ, ಅಂದರೆ ಡೈಮಾಕ್ಸ್, ಮೂತ್ರಪಿಂಡದ ಈ ಕೆಲಸವನ್ನೇ ಬೇಗ ಮಾಡಿಸುತ್ತದೆ. ಸಲ್ಫಾ ಔಷಧಿಗಳ ಅಲರ್ಜಿ ಇರುವವರು, ಬೇರೆ ಮಾತ್ರೆ ನುಂಗುವವರು ಇರುತ್ತಾರೆ, ಹಾಗಾಗಿ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಹೊಸ ಕೆಂಪು ರಕ್ತಕಣಗಳು ಬೆಳೆದು ಪ್ರಯೋಜನಕ್ಕೆ ಬರಲು ವಾರಗಳೇ ಬೇಕು. ಏಳು ದಿನದ ಪ್ರವಾಸಕ್ಕೆ ಅವು ಒದಗುವುದಿಲ್ಲ.

ಇದಾವುದನ್ನೂ ಚಾಮುಂಡಿ ಬೆಟ್ಟ ಕಲಿಸಲಾರದು. ಮ್ಯಾರಥಾನ್ ಓಡುವವರಿಗೂ ಎತ್ತರದ ಕಾಯಿಲೆ ಬರುತ್ತದೆ, ಗಟ್ಟಿಮುಟ್ಟಾಗಿರುವುದು ಅದರಿಂದ ಕಾಪಾಡುವುದಿಲ್ಲ. ಒಮ್ಮೊಮ್ಮೆ ಗಟ್ಟಿಗರಿಗೇ ಅಪಾಯ ಹೆಚ್ಚು, ಏಕೆಂದರೆ ಅವರು ಬೇಗ ಬೇಗ ಮೇಲೆ ಹೋಗಬಲ್ಲರು. ಮುಖಕ್ಕೆ ಕಟ್ಟಿಕೊಂಡು ಓಡುವ ಟ್ರೈನಿಂಗ್ ಮಾಸ್ಕ್ ಉಸಿರೆಳೆಯುವುದನ್ನು ಕಷ್ಟ ಮಾಡುತ್ತದೆಯೇ ಹೊರತು ಗಾಳಿಯ ಒತ್ತಡ ಇಳಿಸುವುದಿಲ್ಲ. ಅದಕ್ಕೆ ದುಡ್ಡು ಹಾಕಬೇಡಿ. ಆರು ತಿಂಗಳ ಹಿಂದೆ ಮಾಡಿದ ಹಿಮಾಲಯದ ಚಾರಣದಿಂದ ಮೈ ಎತ್ತರದಲ್ಲಿ ಹೇಗೆ ವರ್ತಿಸುತ್ತದೆ ಎಂಬ ಅಂದಾಜು ಸಿಗುತ್ತದೆ, ಆದರೆ ಮೈ ಒಗ್ಗಿದ್ದು ಕೆಲವೇ ವಾರಗಳಲ್ಲಿ ಅಳಿಸಿಹೋಗುತ್ತದೆ.

ಆದ್ದರಿಂದ ಈ ಪಾಠಕ್ಕೆ ಅಲ್ಲಿಯೇ ದಿನ ಕೊಡಬೇಕು. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಬಿಡುವಿನ ದಿನ ಇರಬೇಕು ಎಂಬುದು ಸಾಮಾನ್ಯ ಸೂತ್ರ. ಕಿಲಿಮಂಜಾರೊದ ಎಷ್ಟೋ ಪ್ಯಾಕೇಜುಗಳು ಇದನ್ನು ಮೀರುತ್ತವೆ. ಐದು ದಿನದ್ದು ಅಗ್ಗ, ಎಂಟು ದಿನದ್ದು ದುಬಾರಿ. ಬೇರೆ ಎಲ್ಲಿ ಬೇಕಾದರೂ ಉಳಿಸಿ, ಇಲ್ಲಿ ಬೇಡ. ಮಚಾಮೆ ಮತ್ತು ಲೆಮೋಶೊ ದಾರಿಗಳಲ್ಲಿ ಹಗಲು ಸುಮಾರು 4,600 ಮೀಟರಿನ ಲಾವಾ ಟವರ್‌ವರೆಗೆ ಹತ್ತಿಸಿ, ರಾತ್ರಿಗೆ ಸುಮಾರು 3,960 ಮೀಟರಿನ ಬರಾಂಕೊಗೆ ಇಳಿಸುತ್ತಾರೆ. ಮೈಗೆ ಎತ್ತರದ ರುಚಿ ತೋರಿಸಿ ತಗ್ಗಿನಲ್ಲಿ ಮಲಗಿಸುವ ಕ್ರಮ ಇದು. ಇನ್ನೂ ಕೆಲವು ದಿನ ರಜೆ ಇದ್ದರೆ ಮೊದಲು ಪಕ್ಕದ ಮೇರು ಬೆಟ್ಟ ಹತ್ತಿ. ಅದು 4,500 ಮೀಟರ್ ದಾಟಿದ್ದು. ತಲೆನೋವು, ವಾಕರಿಕೆ, ಊಟ ಬೇಡವೆನಿಸುವುದು ಶುರುವಾದರೆ ಗೈಡಿಗೆ ಮುಚ್ಚಿಡಬೇಡಿ. ನಡಿಗೆ ತೂರಾಡಿದರೆ, ಸುಮ್ಮನೆ ಕೂತಿದ್ದಾಗಲೂ ಉಸಿರು ಕಟ್ಟಿದರೆ, ತಕ್ಷಣ ಇಳಿಯಬೇಕು. ರಾತ್ರಿಯಾಗಿದ್ದರೂ ಸರಿಯೇ.

ಕೊನೆಯ ದೊಡ್ಡ ಚಾರಣ ವಿಮಾನ ಹತ್ತುವುದಕ್ಕೆ ಎರಡು ವಾರ ಮೊದಲೇ ಮುಗಿಯಲಿ. ಇಳಿದು ನೊಂದ ಸ್ನಾಯು ಪೂರ್ತಿ ಮಾಯಲು ಅಷ್ಟು ದಿನ ಬೇಕು, ಕಲಿತದ್ದು ಅಷ್ಟರಲ್ಲಿ ಮರೆತೂ ಹೋಗುವುದಿಲ್ಲ. ಆ ಎರಡು ವಾರ ನಾನು ಸಂಜೆ ಹೊತ್ತು ಕುಕ್ಕರಹಳ್ಳಿ ಕೆರೆ ಸುತ್ತುತ್ತಿದ್ದೆ, ಒಂದೇ ಒಂದು ಸಲ ಮೆಟ್ಟಿಲು ಹತ್ತಿ ಇಳಿದೆ, ಅದೂ ಬ್ಯಾಗಿಲ್ಲದೆ. ಹೊರಡುವ ಎರಡು ದಿನ ಮೊದಲು ಕಾಲುಗುರುಗಳನ್ನು ನೇರವಾಗಿ, ಒತ್ತಾಗಿ ಕತ್ತರಿಸಿಕೊಂಡೆ. ಮ್ವೇಕಾ ಗೇಟಿನಲ್ಲಿ ಶೂ ಬಿಚ್ಚಿದಾಗ ಹತ್ತೂ ಉಗುರುಗಳು ಇದ್ದ ಬಣ್ಣದಲ್ಲೇ ಇದ್ದವು.